ನಿಸ್ತಂತು ನಂಟು

ತಂತಿ ಹೋದರೆ ತೊಡಕೂ ಅದರೊಡನೆ ಹೋಗುತ್ತದೆಂದು ಮನುಷ್ಯ ಬಹುಕಾಲದಿಂದ ನಂಬಿಕೊಂಡು ಬಂದಿದ್ದಾನೆ. ಜೇಬಿನಿಂದ ತೆಗೆದಾಗಲೆಲ್ಲ ಗಂಟುಬಿದ್ದಿರುತ್ತಿದ್ದ ಇಯರ್‌ಫೋನಿನ ತಂತಿಯನ್ನು ಬಿಡಿಸುತ್ತ ಕುಳಿತವರಿಗೆ ಈ ನಂಬಿಕೆ ಸಹಜವೇ ಸರಿ. ಆದರೆ ಆ ತಂತಿಗೆ ಒಂದು ದೊಡ್ಡ ಗುಣವಿತ್ತು. ಅದು ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಎಲ್ಲಿ ತುಂಡಾಗಿದೆ, ಯಾವ ತುದಿ ಸಡಿಲವಾಗಿದೆ ಎಂಬುದನ್ನು ಬೆರಳಿನಿಂದ ಮುಟ್ಟಿ ತಿಳಿಯಬಹುದಾಗಿತ್ತು. ತಂತಿಯಿಲ್ಲದ ಇಂದಿನ ಸಾಧನ ಮಾತು ನಿಲ್ಲಿಸಿದಾಗ ಮುಟ್ಟಿ ನೋಡಲು ಏನೂ ಇರುವುದಿಲ್ಲ. ನಿನ್ನೆ ರಾತ್ರಿಯವರೆಗೆ ಹಾಡುತ್ತಿದ್ದುದು ಇಂದು ಬೆಳಗ್ಗೆ ಮೂಕವಾಗಿರುತ್ತದೆ. ನಡುವೆ ನಡೆದಿರುವುದು ಇಷ್ಟೇ: ಮನೆಯವರೆಲ್ಲ ಮಲಗಿರುವಾಗ ಫೋನು ತನ್ನ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ತನ್ನ ಸಮಸ್ತ ವ್ಯವಹಾರವನ್ನೂ ನಡೆಸುವ ಮೂಲ ತಂತ್ರಾಂಶವನ್ನು, ತಾನೇ ನವೀಕರಿಸಿಕೊಂಡಿದೆ. ಜನರು ಇದನ್ನು ಅಪ್‌ಡೇಟ್ ಎಂದು ಕರೆಯುತ್ತಾರೆ.

ಗಾಳಿಯಲ್ಲಿ ತೇಲಿಬರುವ ಧ್ವನಿ ಕನ್ನಡ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ಹೆಸರೇ 'ಆಕಾಶವಾಣಿ'. ಮುಂದೆ ಅದು ಇಡೀ ಭಾರತದ ಬಾನುಲಿಯ ಹೆಸರಾಯಿತು. ಆ ಧ್ವನಿಯನ್ನು ಕೇಳಬೇಕಾದವನು ಕೇಂದ್ರದೊಡನೆ ಮೊದಲೇ ಪರಿಚಯ ಮಾಡಿಕೊಳ್ಳಬೇಕಾಗಿರಲಿಲ್ಲ. ರೇಡಿಯೋ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದರೆ ಸಾಕು. ಕೇಂದ್ರಕ್ಕೆ ಕೇಳುಗನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವನು ಕೇಳುತ್ತಿದ್ದಾನೆಯೇ ಇಲ್ಲವೇ ಎಂಬುದೂ ಗೊತ್ತಿಲ್ಲ. ಅದು ಎಲ್ಲರನ್ನೂ ಉದ್ದೇಶಿಸಿ ಆಡಿದ ಮಾತು.

ಇಂದು ಕಿವಿಯೊಳಗೆ ಅಡಗಿ ಕುಳಿತುಕೊಳ್ಳುವ ಪುಟ್ಟ ಸಾಧನದ ರೀತಿಯೇ ಬೇರೆ. ಅದು ಕೇಳುವುದು ಒಬ್ಬರ ಮಾತನ್ನು ಮಾತ್ರ. ಅದೂ ಮೊದಲೇ ಪರಿಚಯವಾಗಿದ್ದರೆ. ಈ ಪರಿಚಯದ ವಿದ್ಯೆಗೆ ಬ್ಲೂಟೂತ್ ಎಂದು ಹೆಸರು. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಎರಿಕ್ಸನ್ ಸಂಸ್ಥೆಯ ಎಂಜಿನಿಯರುಗಳು 1990ರ ದಶಕದ ನಡುಭಾಗದಲ್ಲಿ ಇದಕ್ಕೆ ರೂಪ ಕೊಟ್ಟರು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಎಂಬ ಐದು ಸಂಸ್ಥೆಗಳು ಕೂಡಿ ಇದರ ಉಸ್ತುವಾರಿಗೆ ಒಂದು ಕೂಟವನ್ನು ಕಟ್ಟಿಕೊಂಡವು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್ ಚದರಿಹೋಗಿದ್ದ ಜನರನ್ನು ಒಂದುಗೂಡಿಸಿದವನೆಂಬ ಕೀರ್ತಿಗೆ ಪಾತ್ರನಾದವನು. ಬೇರೆಬೇರೆ ಕಂಪೆನಿಗಳ ಯಂತ್ರಗಳನ್ನು ಒಂದುಗೂಡಿಸುವ ವಿದ್ಯೆಗೆ ಅವನ ಹೆಸರು ಒಪ್ಪುತ್ತದೆಂದು ಇಂಟೆಲ್‌ನ ಜಿಮ್ ಕಾರ್ಡಾಕ್ ಸೂಚಿಸಿದರು. ದೊರೆಯ ಹೆಸರಿಟ್ಟುಕೊಂಡ ಮಾತ್ರಕ್ಕೆ ಒಗ್ಗಟ್ಟು ಬಂದುಬಿಡುವುದಿಲ್ಲವೆಂಬುದನ್ನು ಅಪ್‌ಡೇಟ್ ಆದ ಮರುದಿನ ಫೋನನ್ನು ಹಿಡಿದು ಕುಳಿತ ಯಾರೇ ಆದರೂ ಹೇಳಿಯಾರು!

ಈ ಪರಿಚಯ ಹೇಗೆ ನಡೆಯುತ್ತದೆಂಬುದನ್ನು ತುಸು ವಿವರವಾಗಿಯೇ ನೋಡಬೇಕು. ಕೆಡುವುದೆಲ್ಲ ಹೆಚ್ಚಾಗಿ ಇಲ್ಲಿಯೇ. ಫೋನು ಮತ್ತು ಇಯರ್‌ಫೋನು ಮೊದಲ ಸಲ ಸಂಧಿಸಿದಾಗ ಎರಡೂ ಕೂಡಿ ಒಂದು ಗುಟ್ಟನ್ನು ಸೃಷ್ಟಿಸಿಕೊಳ್ಳುತ್ತವೆ. ಇದು 128 ಸೊನ್ನೆ-ಒಂದುಗಳ ಸಾಲು. ಇದನ್ನು ಗುಪ್ತಕೀಲಿ ಎನ್ನಬಹುದು. ಕೀಲಿಯ ಒಂದು ಪ್ರತಿ ಫೋನಿನ ನೆನಪಿನಲ್ಲಿಯೂ ಮತ್ತೊಂದು ಪ್ರತಿ ಇಯರ್‌ಫೋನಿನ ನೆನಪಿನಲ್ಲಿಯೂ ಉಳಿಯುತ್ತದೆ. ಮರುದಿನ ಅವು ಮತ್ತೆ ಎದುರಾದಾಗ ಕೀಲಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಪಕ್ಕದಲ್ಲಿದ್ದವನಿಗೂ ಕೇಳಿಸೀತು. ಒಂದು ಪ್ರಶ್ನೆ ಹಾಕುತ್ತದೆ, ಇನ್ನೊಂದು ಕೀಲಿಯ ನೆರವಿನಿಂದ ಉತ್ತರ ಕಟ್ಟುತ್ತದೆ. ಉತ್ತರ ಹೊಂದಿದರೆ ಮಾತು ಮುಂದುವರಿಯುತ್ತದೆ. ಹೊಂದದಿದ್ದರೆ ಬಾಗಿಲು ಮುಚ್ಚುತ್ತದೆ.

ಬಾಗಿಲು ತೆರೆದ ಮೇಲೂ ಅವುಗಳ ಸಂಭಾಷಣೆ ಒಂದೆಡೆ ನಿಂತು ನಡೆಯುವುದಿಲ್ಲ. 2402ರಿಂದ 2480 ಮೆಗಾಹರ್ಟ್ಸ್‌ವರೆಗಿನ 79 ವಾಹಿನಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತ ಎರಡೂ ಒಟ್ಟೊಟ್ಟಿಗೆ ಸಾಗುತ್ತವೆ. ಜಿಗಿಯುವ ಈ ಉಪಾಯ ಹಳೆಯದು. ಚಲನಚಿತ್ರ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಇಂಥದೇ ಒಂದು ಯೋಜನೆಗೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಪಿಯಾನೋದ ಮನೆಗಳಂತೆ ಅದರಲ್ಲಿ 88 ಆವರ್ತನಗಳಿದ್ದವು. ಜಿಗಿತ ಏಕೆ ಬೇಕೆಂದರೆ, ವೈ-ಫೈ ಓಡಾಡುವುದೂ ಅಡುಗೆಮನೆಯ ಮೈಕ್ರೋವೇವ್ ಒಲೆಯ ಸೋರಿಕೆ ಸದ್ದು ಮಾಡುವುದೂ ಇದೇ ಬೀದಿಯಲ್ಲಿ. ಕಿಕ್ಕಿರಿದ ಸಂತೆಯಲ್ಲಿ ಇಬ್ಬರು ಕೈಹಿಡಿದುಕೊಂಡು ಜನರ ಸಂದಿಯಲ್ಲಿ ನುಸುಳಿಹೋಗುವ ದೃಶ್ಯವನ್ನು ಕಲ್ಪಿಸಿಕೊಂಡರೆ ಸಾಕು.

ಇನ್ನು ಅಪ್‌ಡೇಟಿನ ಮಾತು. ಸಂಸಾರವನ್ನು ಹೊರಗೆ ಕಳಿಸದೆ ಮನೆಯನ್ನು ರಿಪೇರಿ ಮಾಡಿಸಿದವರಿಗೆ ಇದರ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಗೋಡೆ ಗಟ್ಟಿಯಾಗುತ್ತದೆ, ಚಿಲಕ ಹೊಸದಾಗುತ್ತದೆ, ಎಲ್ಲವೂ ಒಳ್ಳೆಯದಕ್ಕೇ. ಆದರೆ ಇಕ್ಕುಳ ಎಲ್ಲಿತ್ತೋ ಅಲ್ಲಿ ಇರುವುದಿಲ್ಲ. ಹಾಗೆಯೇ ನೆನಪಿನ ಸಾಮಾನನ್ನು ಹಳೆಯ ಕಪಾಟಿನಿಂದ ಹೊಸ ಕಪಾಟಿಗೆ ಸಾಗಿಸುವಾಗ ಒಂದು ಕೀಲಿ ಹಾಳಾಗಬಹುದು. ಆಗ ಇಯರ್‌ಫೋನು ಹಳೆಯ ಕೀಲಿಯನ್ನೇ ನೆಚ್ಚಿ ಉತ್ತರಿಸುತ್ತದೆ, ಫೋನು ಒಪ್ಪುವುದಿಲ್ಲ. ಎರಡರಲ್ಲಿಯೂ ಯಾವುದೂ ಕೆಟ್ಟಿಲ್ಲ. ಆದರೂ ನಂಟು ಮುರಿದಿದೆ.

ಕಂಪ್ಯೂಟರಿನಲ್ಲಿ ಇನ್ನೊಂದು ಬಗೆಯ ತೊಂದರೆ ಉಂಟು. ಅಲ್ಲಿ ಕಾರ್ಯಾಚರಣ ವ್ಯವಸ್ಥೆಗೂ ಬ್ಲೂಟೂತ್ ಬಿಲ್ಲೆಗೂ ನೇರವಾಗಿ ಮಾತು ಬರುವುದಿಲ್ಲ. ನಡುವೆ ಡ್ರೈವರ್ ಎಂಬ ತಂತ್ರಾಂಶವು ದುಭಾಷಿಯಂತೆ ನಿಂತಿರುತ್ತದೆ. ವ್ಯವಸ್ಥೆ ಹೊಸದಾಗಿ ದುಭಾಷಿ ಹಳಬನಾಗಿಯೇ ಉಳಿದರೆ ಅರ್ಥ ಅನರ್ಥವಾಗುತ್ತದೆ. ವಿಂಡೋಸ್ 10ರ 2020ರ ಮೇ ತಿಂಗಳ ಆವೃತ್ತಿ ಬಂದಾಗ ರಿಯಲ್‌ಟೆಕ್ ಕಂಪೆನಿಯ ಕೆಲವು ಡ್ರೈವರುಗಳಿದ್ದ ಕಂಪ್ಯೂಟರುಗಳು ಒಂದಕ್ಕಿಂತ ಹೆಚ್ಚು ಬ್ಲೂಟೂತ್ ಸಾಧನಗಳನ್ನು ಒಮ್ಮೆಗೇ ಕೂಡಿಸಿಕೊಳ್ಳಲಾರದೆ ಹೋಗಬಹುದೆಂದು ಮೈಕ್ರೋಸಾಫ್ಟ್ ತಾನೇ ಪ್ರಕಟಿಸಿತು. ಇಂಥ ಸಂದರ್ಭದಲ್ಲಿ ಇಯರ್‌ಫೋನನ್ನು ಎಷ್ಟು ತಿಕ್ಕಿ ಒರೆಸಿದರೂ ಫಲವಿಲ್ಲ. ಕಂಪ್ಯೂಟರಿನ ತಯಾರಕರ ಬಳಿ ಹೊಸ ಡ್ರೈವರ್ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಹಳೆಯದಕ್ಕೆ ಹಿಂತಿರುಗಬೇಕು.

ಮೂರನೆಯ ಕಾರಣ ವಿಚಿತ್ರವಾದುದು: ಕೆಲವು ವೇಳೆ ಬಾಗಿಲನ್ನು ಬೇಕೆಂದೇ ಮುಚ್ಚಿರುತ್ತಾರೆ. 2019ರ ಜೂನ್‌ನಲ್ಲಿ ಹೊರಬಂದ ವಿಂಡೋಸಿನ ಸುರಕ್ಷಾ ಅಪ್‌ಡೇಟಿನ ನಂತರ ಕೆಲವು ಬ್ಲೂಟೂತ್ ಸಾಧನಗಳು ಕೂಡಿಕೊಳ್ಳುವುದನ್ನು ನಿಲ್ಲಿಸಿದವು. ಅವುಗಳಲ್ಲಿದ್ದ ಕೀಲಿ ಗುಟ್ಟಾಗಿ ಉಳಿದಿರಲಿಲ್ಲ. ಲೋಕಕ್ಕೆಲ್ಲ ಗೊತ್ತಿದ್ದ ಕೀಲಿ ಅದು. ಅಂಥವನ್ನು ಒಳಗೆ ಬಿಡಬಾರದೆಂಬುದೇ ಅಪ್‌ಡೇಟಿನ ಉದ್ದೇಶವಾಗಿತ್ತು. ಅಪ್ಪಣೆಯ ನಿಯಮಗಳು ಬದಲಾಗುವುದೂ ಇದೇ ಜಾತಿಯ ಸಂಗತಿ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ, ಹತ್ತಿರದ ಸಾಧನಗಳನ್ನು ಹುಡುಕುವುದಕ್ಕೂ ಅವುಗಳೊಡನೆ ಕೂಡುವುದಕ್ಕೂ ಆ್ಯಪ್‌ಗಳು ಪ್ರತ್ಯೇಕವಾದ ಅನುಮತಿಯನ್ನು ಕೇಳಬೇಕೆಂಬ ಕಟ್ಟಳೆ ಬಂದಿತು. ಬೆಳಗಿನ ಅವಸರದಲ್ಲಿ ಪರದೆಯ ಮೇಲೆ ಮೂಡಿದ ಪ್ರಶ್ನೆಯನ್ನು ಓದದೆಯೇ 'ಬೇಡ' ಎಂದು ಒತ್ತಿದವರು ಸಂಜೆಯವರೆಗೂ ಇಯರ್‌ಫೋನನ್ನು ಬೈಯುತ್ತಿರುತ್ತಾರೆ.

ಹಾಡು ಕೇಳುವವರಿಗೆ ಇದೆಲ್ಲ ಒಂದು ಕಿರಿಕಿರಿ, ಅಷ್ಟೆ. ಹಾಡನ್ನು ನಾಳೆ ಕೇಳಬಹುದು. ಆದರೆ ಕಿವಿ ಮಂದವಾದ ಹಿರಿಯರ ಪಾಲಿಗೆ ಮಾತು ಹಾಗಲ್ಲ. ಇಂದಿನ ಅನೇಕ ಶ್ರವಣ ಸಾಧನಗಳು ಫೋನಿನ ಧ್ವನಿಯನ್ನು ನೇರವಾಗಿ ಕಿವಿಯೊಳಕ್ಕೇ ತಲುಪಿಸುತ್ತವೆ. ಆ ಸಂಪರ್ಕ ತಪ್ಪಿದರೂ ಎದುರು ಕುಳಿತವರ ಮಾತು ಕೇಳಿಸುತ್ತದೆ. ದೂರದವರ ಮಾತು ಮಾತ್ರ ತಿಳಿಯದ ಗೊಣಗಾಟವಾಗಿಬಿಡುತ್ತದೆ. ಮನೆಯೊಂದರಲ್ಲಿ ಇಂಥ ಒಬ್ಬ ತಾತನಿದ್ದಾನೆನ್ನೋಣ. ಬೇರೆ ಊರಿನಲ್ಲಿರುವ ಮಗಳು ಪ್ರತಿ ಭಾನುವಾರ ಬೆಳಗ್ಗೆ ಫೋನು ಮಾಡುತ್ತಾಳೆ. ಅಪ್‌ಡೇಟ್ ಆದ ಮರುದಿನ ಭಾನುವಾರ. ಫೋನು ಬಂದಿತು, ತಾತ ಎತ್ತಿದ, ಮಗಳು ಮಾತನಾಡುತ್ತಿದ್ದಾಳೆಂಬುದಷ್ಟೇ ತಿಳಿಯಿತು. "ಕೇಳಿಸ್ತಾ ಇಲ್ಲಮ್ಮ, ಕೇಳಿಸ್ತಾ ಇಲ್ಲ" ಎಂದು ಎರಡು ಬಾರಿ ಹೇಳಿ ಫೋನನ್ನು ಮೇಜಿನ ಮೇಲಿಟ್ಟ. ಆಮೇಲೆ ಯಾರೊಡನೆಯೂ ಮಾತನಾಡಲಿಲ್ಲ. ತನ್ನ ಕಿವಿಯೇ ಪೂರ್ತಿ ಹೋಯಿತೆಂದು ಅವನು ತಿಳಿದಿದ್ದ. ಯಂತ್ರ ಸುಮ್ಮನಾದಾಗ ಹಿರಿಯರು ಸಂದೇಹಿಸುವುದು ಯಂತ್ರವನ್ನಲ್ಲ, ತಮ್ಮನ್ನು. ಈ ಸಂಗತಿಯನ್ನು ಯಂತ್ರ ಮಾಡುವವರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ.

ಮನೆಯಲ್ಲಿ ಇಂಥ ಕೆಲಸಕ್ಕೆ ಕರೆ ಬರುವುದು ಹೈಸ್ಕೂಲಿನ ಮಕ್ಕಳಿಗೇ. ಬೀದಿಯ ಅಂಗಡಿಯಾತ ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಕೊಡುತ್ತೇನೆ ಎಂದಿದ್ದ. ಫೋನಿನಲ್ಲಿ ತೀರಿಹೋದ ಅಜ್ಜಿಯ ಚಿತ್ರಗಳಿದ್ದವು. ಅವಳು ಹಾಡಿದ ಎರಡು ಸಂಪ್ರದಾಯದ ಹಾಡುಗಳಿದ್ದವು. ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಮೊಮ್ಮಗಳು ಅಂಗಡಿಗೆ ಹೋಗುವುದನ್ನು ತಡೆದು ತಾತನ ಬಳಿ ಕುಳಿತಳು.

"ತಾತ, ನಿನ್ನೆ ರಾತ್ರಿ ಫೋನು ಏನಾದರೂ ಕೇಳಿತೇ?"

"ಏನೋ ಕೇಳಿತು, ಪುಟ್ಟಿ. ಹೂಂ ಅಂದೆ."

"ಹಾಗಾದರೆ ಕಿವಿಗೇನೂ ಆಗಿಲ್ಲ, ಬಿಡಿ."

ಆ ಒಂದು ಮಾತಿನಿಂದ ಅರ್ಧ ಕೆಲಸ ಆಯಿತು. ಉಳಿದ ಅರ್ಧಕ್ಕೆ ತಾಳ್ಮೆ ಬೇಕಾಯಿತು. ಮೊದಲು ಅವಳು ಶ್ರವಣ ಸಾಧನದ ಬ್ಯಾಟರಿಯನ್ನು ಬದಲಾಯಿಸಿದಳು. ಸೊರಗಿದ ಬ್ಯಾಟರಿ ಮಾತನ್ನು ದೊಡ್ಡದು ಮಾಡುವಷ್ಟು ಕಸುವುಳ್ಳದ್ದಾಗಿದ್ದೂ ಫೋನಿನೊಡನೆ ಕೂಡಲು ಸಾಲದೆ ಹೋಗುವುದುಂಟು. ಬಳಿಕ ಫೋನನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದಳು. ಇದು ಹಾಸ್ಯಾಸ್ಪದವೆಂದು ಅನೇಕರು ಭಾವಿಸುತ್ತಾರೆ. ಅಪ್‌ಡೇಟಿನ ನಂತರ ಅರೆಬರೆಯಾಗಿ ನಿಂತ ಕೆಲಸಗಳು ಇದರಿಂದ ಎಷ್ಟೋ ಸಲ ಸರಿಹೋಗುವುದನ್ನು ನೋಡಿದವರು ನಗುವುದಿಲ್ಲ. ಅಷ್ಟರಿಂದಲೂ ಆಗಲಿಲ್ಲ. ಬೇರೆ ಯಂತ್ರವೇನಾದರೂ ಸಾಧನವನ್ನು ಮೊದಲೇ ಹಿಡಿದುಕೊಂಡಿದೆಯೇ ಎಂದು ಪಕ್ಕದ ಕೋಣೆಯಲ್ಲಿದ್ದ ತಾತನ ಹಳೆಯ ಟ್ಯಾಬ್ಲೆಟ್ಟಿನ ಬ್ಲೂಟೂತನ್ನೂ ಆರಿಸಿದಳು. ಎಷ್ಟೋ ಮನೆಗಳಲ್ಲಿ ಅಪ್‌ಡೇಟಿನ ಮೇಲೆ ಬರುವ ಅಪವಾದಕ್ಕೆ ನಿಜವಾದ ಅಪರಾಧಿ ಪಕ್ಕದ ಕೋಣೆಯಲ್ಲಿ ಸುಮ್ಮನೆ ಮಲಗಿರುತ್ತಾನೆ. ಇಲ್ಲಿ ಹಾಗಾಗಿರಲಿಲ್ಲ.

ಕಡೆಗೆ ಉಳಿದುದು ನಂಟನ್ನು ಮುರಿದು ಮತ್ತೆ ಕಟ್ಟುವ ಕೆಲಸ. ತಾತನದು ಐಫೋನು. ಅದರಲ್ಲಿ ಶ್ರವಣ ಸಾಧನಗಳನ್ನು ಪರಿಚಯಿಸುವ ಸ್ಥಳ ಬ್ಲೂಟೂತಿನ ಪುಟವಲ್ಲ. ಸೆಟ್ಟಿಂಗ್ಸ್‌ನೊಳಗೆ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಹಿಯರಿಂಗ್ ಡಿವೈಸಸ್ ಎಂಬ ಪುಟ. ಬ್ಲೂಟೂತಿನ ಪುಟದಲ್ಲೇ ಹುಡುಕಿ ಹುಡುಕಿ ನಿರಾಶರಾದವರು ಬಹಳ ಮಂದಿ. ಅವಳು ಸರಿಯಾದ ಪುಟವನ್ನು ಕಂಡುಹಿಡಿದು, ಹಳೆಯ ಸಾಧನವನ್ನು 'ಮರೆತುಬಿಡು' ಎಂದು ಫೋನಿಗೆ ಆಜ್ಞೆಯಿತ್ತಳು. "ಮರೆತುಬಿಟ್ಟರೆ ಗತಿಯೇನು?" ಎಂದು ತಾತ ಗಾಬರಿಯಾದ. ಮರೆತರೆ ಹೋಗುವುದು ಹಳೆಯ ಕೀಲಿ ಮಾತ್ರ. ಕಿವಿಗೆ ತಕ್ಕಂತೆ ತಜ್ಞರು ಹೊಂದಿಸಿಕೊಟ್ಟ ಅಳತೆಗಳು ಸಾಧನದೊಳಗೇ ಕ್ಷೇಮವಾಗಿರುತ್ತವೆ. ಅನಂತರ ಅವಳು ಎರಡೂ ಸಾಧನಗಳ ಬ್ಯಾಟರಿಯ ಪುಟ್ಟ ಬಾಗಿಲನ್ನು ತೆರೆದು ಮುಚ್ಚಿದಳು. ಹೊಸ ಪರಿಚಯಕ್ಕೆ ಸಿದ್ಧವೆಂದು ಅವು ಸಾರುವುದು ಆಗಲೇ. ಚಾರ್ಜು ಮಾಡುವ ಬಗೆಯ ಸಾಧನಗಳಾದರೆ ಪೆಟ್ಟಿಗೆಯಲ್ಲಿಟ್ಟು ಹೊರತೆಗೆಯಬೇಕಾಗುತ್ತದೆ. ಪರದೆಯ ಮೇಲೆ ಒಪ್ಪಿಗೆಯ ಪ್ರಶ್ನೆ ಒಮ್ಮೆ ಮೂಡಿತು. ಕೆಲವು ಕ್ಷಣಗಳ ಮೇಲೆ ಇನ್ನೊಮ್ಮೆ. ಎಡಗಿವಿಗೆ ಒಂದು, ಬಲಗಿವಿಗೆ ಒಂದು. ಮೊದಲನೆಯದಕ್ಕೆ ಒಪ್ಪಿ ಎದ್ದುಹೋದವರಿಗೆ ಒಂದೇ ಕಿವಿಯಲ್ಲಿ ಕೇಳಿಸುವುದು ಇದರಿಂದಲೇ. ಅವಳು ಎರಡಕ್ಕೂ ಒಪ್ಪಿ, ಅತ್ತೆಗೆ ಫೋನು ಹಚ್ಚಿ, ತಾತನ ಕೈಗೆ ಕೊಟ್ಟು ಹೊರಗೆ ಹೋದಳು.

ಇಯರ್‌ಫೋನುಗಳಿಗೂ ಕ್ರಮ ಇದೇ. ಆದರೆ ಅಲ್ಲಿ ಬಹುಮಂದಿ ಒಂದು ಕಡೆ ಮಾತ್ರ ಮರೆಸುತ್ತಾರೆ. ಫೋನಿನಲ್ಲಿ ಹೆಸರನ್ನು ಅಳಿಸಿದರೂ ಇಯರ್‌ಫೋನು ಹಳೆಯ ಕೀಲಿಯನ್ನು ಹಿಡಿದುಕೊಂಡೇ ಇರುತ್ತದೆ. ಅದರ ಗುಂಡಿಯನ್ನು, ಅಥವಾ ಅದರ ಪೆಟ್ಟಿಗೆಯ ಗುಂಡಿಯನ್ನು, ಒತ್ತಿಹಿಡಿದು ಹೊಸ ಪರಿಚಯದ ಸ್ಥಿತಿಗೆ ತರಬೇಕು. ಅದಕ್ಕೂ ಬಗ್ಗದಿದ್ದರೆ ಅದರ ನೆನಪನ್ನೇ ಅಳಿಸಬೇಕು. ಎಷ್ಟು ಹೊತ್ತು ಒತ್ತಬೇಕೆಂಬುದು ಒಂದೊಂದಕ್ಕೆ ಒಂದೊಂದು ರೀತಿ. ಕೊಂಡಾಗ ಬಂದ ಸಣ್ಣ ಅಕ್ಷರದ ಕಾಗದವನ್ನು ಎಸೆದವರಿಗೆ ಅದರ ಬೆಲೆ ತಿಳಿಯುವುದು ಆ ಹೊತ್ತಿನಲ್ಲಿ.

ಕೀಲಿಯ ಮಹಿಮೆಯನ್ನು ಕಣ್ಣಾರೆ ಕಾಣಬೇಕೆಂದರೆ, ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರನ್ನು ಕೇಳಬೇಕು. ವಿಂಡೋಸಿನಲ್ಲಿ ಇಯರ್‌ಫೋನನ್ನು ಪರಿಚಯಿಸಿದರೆ ಹಾಡುತ್ತದೆ. ಲಿನಕ್ಸಿಗೆ ಹೋಗಿ ಅಲ್ಲಿಯೂ ಪರಿಚಯಿಸಿದರೆ ಅಲ್ಲಿಯೂ ಹಾಡುತ್ತದೆ. ಮರಳಿ ವಿಂಡೋಸಿಗೆ ಬಂದರೆ ಮೂಕ! ಇಯರ್‌ಫೋನಿನ ದೃಷ್ಟಿಯಲ್ಲಿ ಎರಡೂ ಒಂದೇ ವಿಳಾಸದ ಒಂದೇ ಯಂತ್ರ. ಒಂದು ವಿಳಾಸಕ್ಕೆ ಒಂದೇ ಕೀಲಿ. ಲಿನಕ್ಸಿನ ಹೊಸ ಕೀಲಿ ಬಂದಾಗ ವಿಂಡೋಸಿನ ಹಳೆಯದು ಅಳಿದುಹೋಗಿರುತ್ತದೆ. ಇಲ್ಲಿ ಅಪ್‌ಡೇಟೇ ಇಲ್ಲ, ಕೆಟ್ಟ ಭಾಗವೂ ಇಲ್ಲ. ಎರಡು ನೆನಪುಗಳು ಹೊಂದುತ್ತಿಲ್ಲ, ಅಷ್ಟೇ.

'ಕೂಡಿದೆ' ಎಂದು ಪರದೆ ಹೇಳುತ್ತಿದ್ದರೂ ಸದ್ದು ಬಾರದಿರುವುದು ಬೇರೆಯ ರೋಗ. ಅಪ್‌ಡೇಟಿನ ನಂತರ ಕಂಪ್ಯೂಟರು ಧ್ವನಿಯನ್ನು ತನ್ನದೇ ಸ್ಪೀಕರಿಗೋ, ತಗುಲಿಸಿದ ಟಿ.ವಿ.ಗೋ ಕಳಿಸುತ್ತಿರಬಹುದು. ಧ್ವನಿ ಯಾವುದರ ಮೂಲಕ ಹೊರಬರಬೇಕೆಂಬುದನ್ನು ಆರಿಸಿದರೆ ತೀರಿತು. ಆನ್‌ಲೈನ್ ಪಾಠದ ವೇಳೆ ಧ್ವನಿ ಇದ್ದಕ್ಕಿದ್ದಂತೆ ಕೊಳವೆಯೊಳಗಿಂದ ಬಂದಂತೆ ಕೇಳಿಸುವುದನ್ನು ಬಹುಮಂದಿ ವಿದ್ಯಾರ್ಥಿಗಳು ಬಲ್ಲರು. ಬ್ಲೂಟೂತಿನ ಹಳೆಯ ಪದ್ಧತಿಯಲ್ಲಿ ಹಾಡಿಗೆ ಒಂದು ದಾರಿ, ಸಂಭಾಷಣೆಗೆ ಇನ್ನೊಂದು. ಇಯರ್‌ಫೋನಿನ ಮೈಕು ತೆರೆದೊಡನೆ ವ್ಯವಸ್ಥೆಯು ಎರಡನೆಯ ದಾರಿಗೆ ಹೊರಳುತ್ತದೆ. ಹಾಡಿಗೆ ಸೆಕೆಂಡಿಗೆ 44,100 ಮಾದರಿಗಳಿದ್ದರೆ ಸಂಭಾಷಣೆಗೆ 8,000 ಅಥವಾ 16,000 ಮಾತ್ರ. ಮೈಕನ್ನು ಕಂಪ್ಯೂಟರಿನದೇ ಎಂದು ಆರಿಸಿದರೆ ಕಿವಿಗೆ ಹಾಡಿನ ದಾರಿ ಮರಳಿ ದೊರೆಯುತ್ತದೆ.

ಇಷ್ಟೆಲ್ಲ ತಾಪತ್ರಯವಿದ್ದರೆ ಅಪ್‌ಡೇಟನ್ನೇ ಬೇಡವೆನ್ನಬಾರದೇಕೆ ಎಂದು ಕೇಳುವವರುಂಟು. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಉತ್ತರ ಅವರಿಗೆ ಅನುಕೂಲವಾಗಿಲ್ಲ. 2017ರಲ್ಲಿ ಬ್ಲೂಬೋರ್ನ್ ಎಂಬ ಹೆಸರಿನ ದೋಷಗಳು ಬೆಳಕಿಗೆ ಬಂದವು. ಬ್ಲೂಟೂತ್ ಹೊತ್ತಿಸಿಟ್ಟ ಯಂತ್ರದೊಳಕ್ಕೆ, ಪರಿಚಯವೂ ಇಲ್ಲದೆ ಒಪ್ಪಿಗೆಯೂ ಇಲ್ಲದೆ ನುಗ್ಗಲು ಅವು ಎಡೆಮಾಡಿಕೊಡುತ್ತಿದ್ದವು. 2019ರಲ್ಲಿ ಇನ್ನೊಂದು ಹುಳುಕು ಹೊರಬಿದ್ದಿತು: ಎರಡು ಸಾಧನಗಳು ಮಾತಿಗೆ ತೊಡಗುವಾಗ ಮೂರನೆಯವನೊಬ್ಬ ನಡುವೆ ತಲೆಹಾಕಿ, ಗೂಢಲಿಪಿಯ ಕೀಲಿಯನ್ನು ಸುಲಭವಾಗಿ ಊಹಿಸುವಷ್ಟು ಗಿಡ್ಡದಾಗಿಸಬಹುದಾಗಿತ್ತು. ಈ ಬಿರುಕುಗಳನ್ನು ಮುಚ್ಚಿದ್ದು ಅಪ್‌ಡೇಟುಗಳೇ. ಆಕ್ಷೇಪಿಸಬೇಕಾದದ್ದು ಅಪ್‌ಡೇಟನ್ನಲ್ಲ, ಅದರ ಮೌನವನ್ನು. 'ಸಂಪರ್ಕ ವಿಫಲವಾಯಿತು' ಎಂಬ ಎರಡೇ ಪದಗಳಿಂದ ಯಾರಿಗೆ ಏನು ತಿಳಿದೀತು? 'ನಿಮ್ಮ ಸಾಧನದ ಕೀಲಿ ಹೊಂದುತ್ತಿಲ್ಲ. ಎರಡೂ ಕಡೆ ಮರೆಸಿ ಮತ್ತೆ ಪರಿಚಯಿಸಿ' ಎಂದು ಒಂದು ಸಾಲು ಹೆಚ್ಚಾಗಿ ಬರೆಯುವುದರಿಂದ ಯಾವ ಕಂಪೆನಿಯ ಬೊಕ್ಕಸವೂ ಬರಿದಾಗಲಾರದು. ಆ ಸಾಲು ಇಲ್ಲದೆ ಎಷ್ಟು ಒಳ್ಳೆಯ ಇಯರ್‌ಫೋನುಗಳು ಕಸದ ಬುಟ್ಟಿಯನ್ನು ಸೇರುತ್ತವೋ!

ಈಚೆಗೆ ಈ ವಿದ್ಯೆ ಒಂದು ಸುತ್ತು ಹಾಕಿ ಬಾನುಲಿಯ ಕಡೆಗೆ ಮುಖ ಮಾಡಿದೆ. 2020ರಲ್ಲಿ ಪ್ರಕಟವಾಗಿ 2022ರಲ್ಲಿ ಪೂರ್ಣಗೊಂಡ ಎಲ್‌ಇ ಆಡಿಯೋ ಎಂಬ ಹೊಸ ಪದ್ಧತಿಯಲ್ಲಿ ಔರಾಕಾಸ್ಟ್ ಎಂಬ ಸೌಲಭ್ಯವಿದೆ. ಅದರಲ್ಲಿ ಒಂದು ಪ್ರಸಾರಕದಿಂದ ಹೊರಟ ಧ್ವನಿಯನ್ನು ಸುತ್ತಲಿನ ಎಷ್ಟು ಕಿವಿಗಳು ಬೇಕಾದರೂ ಕೇಳಬಹುದು. ಒಬ್ಬೊಬ್ಬರೂ ಜೋಡಿಯಾಗಿ ನಂಟು ಬೆಳೆಸಬೇಕಾಗಿಲ್ಲ. ರೈಲು ನಿಲ್ದಾಣದ ಪ್ರಕಟಣೆಯನ್ನು ಗದ್ದಲದ ನಡುವೆಯೂ ಶ್ರವಣ ಸಾಧನದಲ್ಲಿ ಸ್ಪಷ್ಟವಾಗಿ ಕೇಳುವಂತೆ ಮಾಡುವುದು ಇದರ ಉದ್ದೇಶಗಳಲ್ಲೊಂದು. ಪ್ರಸಾರಕ್ಕೂ ಕಿವಿಗೂ ಇದಕ್ಕೆಂದೇ ಹೊಸ ಸಾಮರ್ಥ್ಯ ಬೇಕು. ಹಳೆಯ ಸಾಧನಗಳಲ್ಲಿ ಬಹುಪಾಲಿನವು ಬರಿಯ ತಂತ್ರಾಂಶದ ಬದಲಾವಣೆಯಿಂದ ಅದನ್ನು ಪಡೆಯಲಾರವು. ಮೇಲಾಗಿ ತಾತ-ಮಗಳ ಭಾನುವಾರದ ಮಾತು ಊರಿಗೆಲ್ಲ ಪ್ರಸಾರವಾಗಬೇಕಾದದ್ದೂ ಅಲ್ಲ. ಅದಕ್ಕೆ ಇಬ್ಬರ ನಡುವಿನ ಗುಪ್ತಕೀಲಿಯೇ ಬೇಕು. ಮುಂದಿನ ಅಪ್‌ಡೇಟ್ ಬಂದ ಬೆಳಗ್ಗೆ ಬ್ಯಾಟರಿಯ ಪುಟ್ಟ ಬಾಗಿಲನ್ನು ಇನ್ನೊಮ್ಮೆ ತೆರೆದು ಮುಚ್ಚಬೇಕಾಗಿ ಬಂದರೂ ಬಂದೀತು.